ಪೋರ್ಚುಗೀಸರು ಹೋದ ಮೇಲಿನ ನೆರೆಹೊರೆ

ಆಂಬೋಲಿ ಘಟ್ಟದಲ್ಲಿ ಹುಟ್ಟುವ ಹಿರಣ್ಯಕೇಶಿ ಪೂರ್ವಕ್ಕೆ ಹರಿದು, ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರವನ್ನು ಹಾದು ಘಟಪ್ರಭೆಯನ್ನು ಸೇರುತ್ತದೆ. ಸಂಕೇಶ್ವರದಿಂದ ಗಡಹಿಂಗ್ಲಜ, ಆಜರಾ ದಾಟಿ ಅದೇ ಆಂಬೋಲಿ ಘಟ್ಟ ಇಳಿದರೆ ಸಾವಂತವಾಡಿ, ಅದರಾಚೆ ಗೋವಾ ಗಡಿಯ ಬಾಂದಾ ಸಿಗುತ್ತದೆ. ಈಗ ಅಲ್ಲಿ ಯಾರೂ ಪಾಸ್‌ಪೋರ್ಟ್ ಕೇಳುವುದಿಲ್ಲ. ಆದರೆ 1961ರ ಡಿಸೆಂಬರ್‌ವರೆಗೆ ಆ ಗಡಿಯಾಚೆ ಇದ್ದದ್ದು ಪರರಾಜ್ಯ, ಪರರ ಸೇನೆ. ಸೇನೆ ಹೊರಟರೆ ನೆರೆಹೊರೆ ತಾನಾಗಿ ಸರಿಹೋಗುತ್ತದೆ ಎಂಬ ನಂಬಿಕೆ ಎಲ್ಲ ಕಡೆಯೂ ಇದೆ. ಗೋವಾದ ಕಥೆ ಬೇರೆಯದನ್ನೇ ಹೇಳುತ್ತದೆ: ಸೇನೆ ಹೊರಟಾಗ ಗಡಿಯಷ್ಟೇ ತೆರೆಯುತ್ತದೆ, ನಂಟನ್ನು ಜನರೇ ಕಟ್ಟಬೇಕಾಗುತ್ತದೆ.

1510ರಲ್ಲಿ ಪೋರ್ಚುಗೀಸ್ ದಳಪತಿ ಅಲ್ಬುಕರ್ಕ್ ಗೋವಾವನ್ನು ಕಿತ್ತುಕೊಂಡದ್ದು ವಿಜಾಪುರದ ಆದಿಲ್‌ಶಾಹಿಯಿಂದ. ಅದೇ ಆದಿಲ್‌ಶಾಹಿ ಕಾಲದ ಗುಮ್ಮಟಗಳು ಹುಕ್ಕೇರಿಯಲ್ಲಿ ಇಂದಿಗೂ ನಿಂತಿವೆ. ಆಳುವವರು ಬೇರೆಯಾದರೂ ವ್ಯಾಪಾರ ನಿಲ್ಲಲಿಲ್ಲ. 1880ರ ದಶಕದಲ್ಲಿ ಗೋವಾದ ಮುರಗಾಂವ ಬಂದರಿನಿಂದ ಘಟ್ಟದ ಮೇಲಿನ ಕ್ಯಾಸಲ್‌ರಾಕ್‌ವರೆಗೆ ರೈಲೇ ಬಂತು. ಈ ನಂಟು ಕಡಿದುಬಿದ್ದದ್ದು 1955ರಲ್ಲಿ. ಆ ವರ್ಷದ ಆಗಸ್ಟ್ 15ರಂದು ಗೋವಾದ ಬಿಡುಗಡೆಗಾಗಿ ಗಡಿ ದಾಟಿದ ನಿರಾಯುಧ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದರು. ಭಾರತ ರೈಲು, ವ್ಯಾಪಾರ ಎರಡನ್ನೂ ಬಂದ್ ಮಾಡಿತು. ಆಗ ಗೋವಾ ಪಾಕಿಸ್ತಾನದಿಂದ ಅಕ್ಕಿ, ನೆದರ್ಲೆಂಡ್ಸ್‌ನಿಂದ ಆಲೂಗಡ್ಡೆ, ಸಿಲೋನಿನಿಂದ ಚಹಾ ತರಿಸಿಕೊಂಡಿತು. ಘಟ್ಟದ ಮೇಲೆಯೇ ಬೆಳೆಯುವ ಆಲೂಗಡ್ಡೆಗೆ ಸಮುದ್ರ ದಾಟಬೇಕಾಗಿ ಬಂತು.

1961ರಲ್ಲಿ ಭಾರತದ ಪಡೆಗಳು ಜಮಾಯಿಸಿದ್ದು ನಮ್ಮ ಬೆಳಗಾವಿಯ ಸುತ್ತ. ಮೇಜರ್ ಜನರಲ್ ಕೆ.ಪಿ. ಕ್ಯಾಂಡೆತ್ ನೇತೃತ್ವದ ಕಾರ್ಯಾಚರಣೆ ಎರಡು ದಿನದೊಳಗೆ ಮುಗಿಯಿತು. ಡಿಸೆಂಬರ್ 19ರಂದು ಪೋರ್ಚುಗೀಸ್ ಗವರ್ನರ್ ಜನರಲ್ ಶರಣಾದ. ಪೋರ್ಚುಗಲ್ ಸರ್ಕಾರ ಇದನ್ನು ಒಪ್ಪಿ ಒಪ್ಪಂದಕ್ಕೆ ಸಹಿ ಹಾಕಿದ್ದು 1974ರ ಕೊನೆಯಲ್ಲಿ, ಅಲ್ಲಿನ ಸರ್ವಾಧಿಕಾರ ಬಿದ್ದ ಮೇಲೆ. ಜನ ಅಷ್ಟು ಕಾಲ ಕಾಯಲಿಲ್ಲ. ಉತ್ತರ ಕರ್ನಾಟಕದ ಕೂಲಿಕಾರರು ದುಡಿಮೆ ಹುಡುಕಿ ಘಟ್ಟ ಇಳಿದರು. ಗೋವಾದ ಕಟ್ಟಡಗಳಲ್ಲಿ, ಬಂದರಿನಲ್ಲಿ ಅವರ ಬೆವರಿದೆ. ಬೆಳಗಾವಿ ಮಾರುಕಟ್ಟೆಯ ಕಾಯಿಪಲ್ಲೆ ಇಂದು ಗೋವಾದ ಅಡುಗೆಮನೆಗೆ ನಿತ್ಯ ಬೇಕು.

ಇದು ಎರಡು ದೇಶಗಳ ಕಥೆಯಲ್ಲ, ಒಂದೇ ದೇಶದ ಭಾಗಗಳು ಮತ್ತೆ ಕೂಡಿದ್ದು ಎಂದು ಯಾರಾದರೂ ಹೇಳಬಹುದು. ಆದರೆ 451 ವರ್ಷ ಬೇರೆ ಕಾನೂನು, ಬೇರೆ ಆಡಳಿತ ಭಾಷೆಯಲ್ಲಿ ಬಾಳಿದವರ ಅಳುಕು ಒಂದು ಶರಣಾಗತಿಯಿಂದ ಅಳಿಯುವುದಿಲ್ಲ. 1967ರ ಜನವರಿ 16ರಂದು, ಗೋವಾ ಮಹಾರಾಷ್ಟ್ರದಲ್ಲಿ ವಿಲೀನವಾಗಬೇಕೇ ಎಂದು ಜನಮತ ಕೇಳಲಾಯಿತು. ವಿಲೀನ ಬೇಡವೆಂದು ಗೋವಾದವರು ತೀರ್ಪಿತ್ತರು, ದೇಶ ಆ ಮಾತನ್ನು ಮನ್ನಿಸಿತು. ಸಣ್ಣ ನೆರೆಯ ಮಾತಿಗೆ ಬೆಲೆ ಸಿಕ್ಕಲ್ಲಿ ಭರವಸೆ ಬೇರೂರುತ್ತದೆ.

ಹಾಗಿದ್ದರೆ ಗೋವಾ-ಕರ್ನಾಟಕದ ನಡುವೆ ಮಹದಾಯಿ ನದಿನೀರಿನ ಜಗಳವೇಕೆ ಎಂಬ ಪ್ರಶ್ನೆ ಇನ್ನೂ ಗಟ್ಟಿಯಾದದ್ದು. 2010ರಲ್ಲಿ ನೇಮಕವಾದ ನ್ಯಾಯಮಂಡಳಿ 2018ರಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ನೀರು ಹಂಚಿತು; ಅದರಲ್ಲಿ ಕಳಸಾ-ಬಂಡೂರಿ ಯೋಜನೆಗೆ 3.9 ಟಿಎಂಸಿ. ಗೋವಾ ಅದನ್ನು ಒಪ್ಪಿಲ್ಲ. ಗೋವಾದ ಬಾಯ್ನಾ ಕಡಲತಡಿಯಲ್ಲಿ ಕನ್ನಡಿಗ ಕೂಲಿಕಾರರ ಮನೆಗಳು ನೆಲಸಮವಾದ ನೋವೂ ಆರಿಲ್ಲ. ಇವು ನಂಟಿನ ಸೋಲೆಂದು ನಾನು ಎಣಿಸುವುದಿಲ್ಲ. 1955ರಲ್ಲಿ ಈ ಎರಡು ಸೀಮೆಗಳ ತಕರಾರಿಗೆ ಸಿಕ್ಕ ಉತ್ತರ ಗುಂಡು. ಇಂದು ಎರಡೂ ಒಂದೇ ಕೋರ್ಟಿನ ಮುಂದೆ ನಿಂತು ವಾದಿಸುತ್ತವೆ. ಈ ಗಳಿಕೆ ಸಣ್ಣದಲ್ಲ. ಆದರೆ ಕೋರ್ಟು ನೀರು ಹಂಚಬಹುದು, ಮಾನ ಹಂಚಲಾರದು. ದುಡಿಯಲು ಹೋದವರಿಗೆ ನೆಲೆ, ಅವರ ಮಕ್ಕಳಿಗೆ ಶಾಲೆ ಕೊಡುವ ಹೊಣೆಯನ್ನು ಪಣಜಿ ಮತ್ತು ಬೆಂಗಳೂರು ಕೂಡಿಯೇ ಹೊರಬೇಕು. ಸೇನೆ ಹೋಗಿ ಅರವತ್ತು ವರ್ಷ ದಾಟಿದೆ. ಈ ಕೆಲಸ ಇನ್ನು ತಡವಾಗಬಾರದು.