ಪುಕ್ಕಟೆ ಮಾಡ್ಯೂಲ್ ಬರೆದುಕೊಡುವವರು ಯಾರು?

ಪ್ರಶ್ನೆ: ಜಾಲತಾಣ ಕಟ್ಟುವ ತಂತ್ರಾಂಶ ಡ್ರುಪಲ್‌ಗೆ ಹೆಚ್ಚುವರಿ ಸೌಲಭ್ಯ ಸೇರಿಸುವ ಸಾವಿರಾರು ಮಾಡ್ಯೂಲ್‌ಗಳು ಪುಕ್ಕಟೆ ಸಿಗುತ್ತವಲ್ಲ, ಬರೆದವರಿಗೆ ಏನು ಲಾಭ?

ಉತ್ತರ: ಅವುಗಳಲ್ಲಿ ಎಷ್ಟೋ ಯಾರದೋ ಸ್ವಂತ ಅಗತ್ಯಕ್ಕೆ ಹುಟ್ಟಿದವು. ಗ್ರಾಹಕರೊಬ್ಬರ ಜಾಲತಾಣಕ್ಕೆಂದು ಬರೆದದ್ದನ್ನು ಹೊರಗೆ ಬಿಟ್ಟರೆ ದೋಷ ಹುಡುಕುವವರು, ತಿದ್ದುವವರು ಬೇರೆ ಕಡೆಯಿಂದಲೂ ಬರುತ್ತಾರೆ. ನಿರ್ವಹಣೆಯ ಹೊರೆ ಹಂಚಿಹೋಗುತ್ತದೆ. ಹೆಸರೂ ಬರುತ್ತದೆ, ಹೆಸರಿನ ಹಿಂದೆ ಕೆಲಸವೂ. ಕೆಲವಕ್ಕೆ ಬಡ್ತಿಯೂ ಉಂಟು. ಸುದ್ದಿ, ಲೇಖನಗಳನ್ನು ಬೇಕಾದಂತೆ ಪಟ್ಟಿಮಾಡಿ ತೋರಿಸುವ ‘ವ್ಯೂಸ್’ ಮೊದಲು ಹೊರಗಿನ ಮಾಡ್ಯೂಲ್ ಆಗಿತ್ತು. 2015ರಲ್ಲಿ ಬಂದ ಡ್ರುಪಲ್ 8ರಲ್ಲಿ ಮೂಲ ತಂತ್ರಾಂಶಕ್ಕೇ ಸೇರಿತು.

ಹೀಗೆ ಬರೆಯುವವರು, ತಿದ್ದುವವರು ಎಲ್ಲ ಮುಖಾಮುಖಿಯಾಗುವ ಜಾತ್ರೆ ಡ್ರುಪಲ್‌ಕಾನ್. 2016ರಲ್ಲಿ ಅದು ಮುಂಬೈಯ ಐಐಟಿಗೂ ಬಂದಿತ್ತು. ಭಾಷಣಗಳಿಗಿಂತ ನನಗೆ ಹಿಡಿಸುವುದು ಅಲ್ಲಿ ಎಲ್ಲರೂ ಕೂತು ಕೋಡ್ ತಿದ್ದುವ ದಿನ. ಹೊಸಬರ ಪಕ್ಕದಲ್ಲೇ ಪಳಗಿದವರು ಕೂತು ದಾರಿ ತೋರಿಸುತ್ತಾರೆ. ಮೊದಲ ಸಲ ಬಂದವರ ತಿದ್ದುಪಡಿಯೊಂದನ್ನು ಎಲ್ಲರೆದುರೇ ಮೂಲ ಕೋಡ್‌ಗೆ ಸೇರಿಸುವ ರೂಢಿಯೂ ಇದೆ. ಚಪ್ಪಾಳೆ ಜೋರಾಗಿಯೇ ಬೀಳುತ್ತದೆ!

ಆದರೂ ಪುಕ್ಕಟೆ ಎಂದು ಸಿಕ್ಕಿದ್ದನ್ನೆಲ್ಲ ಹಾಕಿಕೊಳ್ಳಬೇಡಿ. ಮಾಡ್ಯೂಲ್‌ನ ಪುಟದಲ್ಲಿ ಕೊನೆಯ ಆವೃತ್ತಿ ಯಾವಾಗ ಬಂತು, ಭದ್ರತಾ ತಂಡದ ಗುರಾಣಿ ಚಿಹ್ನೆ ಇದೆಯೇ ಎಂದು ಮೊದಲು ನೋಡಿ.