ರೋಗಿಯ ಮಗ್ಗುಲಲ್ಲಿ ಮೊಬೈಲು

ವೈದ್ಯವಿದ್ಯೆಯಲ್ಲಿ ಅರ್ಧವನ್ನು ಪುಸ್ತಕದಿಂದಲೂ ಉಳಿದರ್ಧವನ್ನು ರೋಗಿಯಿಂದಲೂ ಕಲಿಯಬೇಕೆಂದು ನನ್ನ ಗುರುಗಳು ಹೇಳುತ್ತಿದ್ದರು. ಆ ಎರಡನೆಯ ಅರ್ಧ ನಡೆಯುವುದು ಆಸ್ಪತ್ರೆಯ ವಾರ್ಡಿನಲ್ಲಿ. ಕೊಡಗಿನಲ್ಲಿ ಇಂಥ ಕಲಿಕೆಗೆ ವೈದ್ಯಕೀಯ ಕಾಲೇಜೊಂದು ದೊರೆತದ್ದು ಈಚೆಗೆ. 2016ರಲ್ಲಿ ಮಡಿಕೇರಿಯಲ್ಲಿ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆ ಪ್ರಾರಂಭವಾಯಿತು. ಈಗ ಈ ಊರಿನ ಜಿಲ್ಲಾಸ್ಪತ್ರೆಗೆ ಹೋದವರಿಗೆ ಬಿಳಿಯ ಕೋಟು ತೊಟ್ಟ ಎಳೆಯರ ಗುಂಪು ಕಣ್ಣಿಗೆ ಬೀಳುವುದು ಸಾಮಾನ್ಯ. ಅವರ ಕೊರಳಲ್ಲಿ ಸ್ಟೆತಾಸ್ಕೋಪು, ಜೇಬಿನಲ್ಲಿ ಮೊಬೈಲು. ಈ ಎರಡನೆಯ ಉಪಕರಣ ಅವರ ಕಲಿಕೆಗೆ ನೆರವೋ ಅಡ್ಡಿಯೋ ಎಂಬುದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಮಡಿಕೇರಿಗೆ ಬಂದು ನೆಲಸುವ ಮುನ್ನ ಮಲೆನಾಡಿನ ಒಂದು ಆಸ್ಪತ್ರೆಯಲ್ಲಿ ನಾನು ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದೆ. ರೋಗಿಯ ಮುಂದೆ ಮೊಬೈಲು ಹಿಡಿಯುವುದು ಅಗೌರವವೆಂದು ನನ್ನ ದೃಢವಾದ ನಂಬಿಕೆ. ವಾರ್ಡಿನ ಬಾಗಿಲಲ್ಲಿ ಒಂದು ಬೆತ್ತದ ಬುಟ್ಟಿ ಇರಿಸಿದ್ದೆ. ಒಳಗೆ ಬರುವ ವಿದ್ಯಾರ್ಥಿಗಳೆಲ್ಲ ತಮ್ಮ ಮೊಬೈಲುಗಳನ್ನು ಅದರಲ್ಲಿ ಹಾಕಿಯೇ ಬರಬೇಕು.

ಒಂದು ಮಳೆಗಾಲದ ಸಂಜೆ ಕಾಫಿ ತೋಟದ ಕೆಲಸಗಾರರೊಬ್ಬರನ್ನು ಕರೆತಂದರು. ಕಾಲಿಗೆ ಹಾವು ಕಚ್ಚಿತ್ತು. ಯಾವ ಹಾವೆಂದು ಯಾರೂ ನೋಡಿರಲಿಲ್ಲ. ಇಂಥ ಸಂದರ್ಭದಲ್ಲಿ ಮಾಡುವ ಒಂದು ಸರಳವಾದ ಪರೀಕ್ಷೆ ಇದೆ. ರೋಗಿಯ ರಕ್ತನಾಳದಿಂದ ಎರಡು ಮೂರು ಮಿಲಿಲೀಟರ್ ರಕ್ತ ತೆಗೆದು, ಶುಭ್ರವಾದ, ಒಣಗಿದ, ಹೊಸ ಗಾಜಿನ ನಳಿಗೆಯಲ್ಲಿ ಹಾಕಿ, ಅಲುಗಿಸದೆ 20 ನಿಮಿಷ ಬಿಡಬೇಕು. ಅನಂತರ ನಳಿಗೆಯನ್ನು ಒಮ್ಮೆ ವಾಲಿಸಿ ನೋಡಬೇಕು. ರಕ್ತ ಹೆಪ್ಪುಗಟ್ಟಿದ್ದರೆ ಒಂದಿಷ್ಟು ನೆಮ್ಮದಿ. ನೀರಿನಂತೆ ಹರಿದರೆ ಮಂಡಲದ ಹಾವಿನ ವಿಷ ರಕ್ತಕ್ಕೆ ಸೇರಿದೆಯೆಂದು ಊಹಿಸಬೇಕು. ದುಬಾರಿ ಯಂತ್ರ ಬೇಡ. ಬೇಕಾದದ್ದು ಗಾಜಿನ ನಳಿಗೆ, ತಾಳ್ಮೆ, ಮತ್ತು ಗಡಿಯಾರ.

ನಳಿಗೆಯನ್ನು ಕಾಯುವ ಕೆಲಸವನ್ನು ಒಬ್ಬ ವಿದ್ಯಾರ್ಥಿನಿಗೆ ಒಪ್ಪಿಸಿ ನಾನು ಪಕ್ಕದ ಕೋಣೆಗೆ ಹೋದೆ. ಸ್ವಲ್ಪ ಹೊತ್ತಿನಲ್ಲಿ ಆಕೆ ಓಡಿಬಂದು, ರಕ್ತ ಹೆಪ್ಪುಗಟ್ಟಿಲ್ಲವೆಂದಳು. ಪ್ರತಿವಿಷವನ್ನು ಸಿದ್ಧಗೊಳಿಸಲು ಹೇಳಿದೆ. ಆಗ ಹಿರಿಯ ದಾದಿಯೊಬ್ಬರು, "ಇಪ್ಪತ್ತು ನಿಮಿಷ ಆಯಿತೆ?" ಎಂದು ಕೇಳಿದರು. ಲೆಕ್ಕ ಹಾಕಿದರೆ ಹತ್ತು ನಿಮಿಷವೂ ಕಳೆದಿರಲಿಲ್ಲ. ಗೋಡೆಯ ಗಡಿಯಾರ ನಿಂತು ಎಷ್ಟೋ ದಿನಗಳಾಗಿದ್ದವು. "ನಿನ್ನ ಬಳಿ ಗಡಿಯಾರ ಇರಲಿಲ್ಲವೆ?" ಎಂದು ಗದರಿದೆ. ಆ ಹುಡುಗಿ ತಲೆ ತಗ್ಗಿಸಿ, "ನನ್ನ ಗಡಿಯಾರ ಮೊಬೈಲಿನಲ್ಲಿದೆ ಸರ್. ಮೊಬೈಲು ಬುಟ್ಟಿಯಲ್ಲಿದೆ" ಎಂದಳು.

ಹೊಸ ನಳಿಗೆಯಲ್ಲಿ ಪರೀಕ್ಷೆಯನ್ನು ಮತ್ತೆ ಮಾಡಿದೆವು. ಈ ಬಾರಿ ಅವಳ ಮೊಬೈಲು ನಳಿಗೆಯ ಪಕ್ಕದಲ್ಲಿತ್ತು. ಇಪ್ಪತ್ತು ನಿಮಿಷಕ್ಕೆ ಅದು ಗಂಟೆ ಬಾರಿಸಿತು, ರಕ್ತ ಹೆಪ್ಪುಗಟ್ಟಿತ್ತು. ಆಮೇಲೆ ಮಾಡಿದ ಪರೀಕ್ಷೆಗಳಲ್ಲಿಯೂ ಹಾಗೆಯೇ. ಆ ರೋಗಿಗೆ ಪ್ರತಿವಿಷ ಬೇಕಾಗಲಿಲ್ಲ. ಅಗತ್ಯವಿಲ್ಲದೆ ಕೊಟ್ಟಿದ್ದರೆ? ಪ್ರತಿವಿಷ ಕುದುರೆಯ ರಕ್ತಸಾರದಿಂದ ತಯಾರಾದದ್ದು. ಅದು ಕೆಲವರ ಮೈಗೆ ಒಗ್ಗದೆ, ಉಸಿರೇ ಕಟ್ಟುವ ಅಪಾಯವುಂಟು. ನನ್ನ ಬುಟ್ಟಿ ಒಬ್ಬ ಮನುಷ್ಯನನ್ನು ಆ ಅಪಾಯದ ಅಂಚಿಗೆ ಒಯ್ದಿತ್ತು. ಮರುದಿನವೇ ಅದನ್ನು ತೆಗೆದುಬಿಟ್ಟೆ.

ತೆಗೆದ ಮೇಲೆ, ಈ ಉಪಕರಣದಿಂದ ಏನೇನು ಪ್ರಯೋಜನವೆಂದು ಗಮನಿಸತೊಡಗಿದೆ. ಹಾವಿನ ವಿಷಯವನ್ನೇ ಮುಂದುವರಿಸುವುದಾದರೆ, ನಮ್ಮ ದೇಶದ ಪ್ರತಿವಿಷ ನಾಲ್ಕು ಹಾವುಗಳಿಗೆ ಮಾತ್ರ ತಯಾರಾದದ್ದು: ನಾಗರ, ಕಟ್ಟು ಹಾವು, ಕೊಳಕುಮಂಡಲ, ಗರಗಸ ಮಂಡಲ. ಪಶ್ಚಿಮ ಘಟ್ಟದ ತೋಟಗಳಲ್ಲಿ ಮೂಗಿನ ತುದಿ ಮೇಲೆದ್ದ ಒಂದು ಬಗೆಯ ಗುಳಿಮಂಡಲವಿದೆ. ಅದರ ವಿಷಕ್ಕೆ ಈ ಮದ್ದು ನಾಟುವುದಿಲ್ಲ. ಬಯಲುಸೀಮೆಯಿಂದ ಬಂದ ವಿದ್ಯಾರ್ಥಿ ಅದನ್ನು ಕಂಡಿರುವುದಿಲ್ಲ. ಅದರ ಚಿತ್ರ, ಚಿಕಿತ್ಸೆಯ ಕ್ರಮ, ಔಷಧದ ಪ್ರಮಾಣ, ಇವು ರಾತ್ರಿ ಎರಡು ಗಂಟೆಗೆ ಅಂಗೈಯಲ್ಲಿ ದೊರೆಯುವುದಾದರೆ ಅದು ಸಣ್ಣ ಲಾಭವಲ್ಲ. 2024ರಲ್ಲಿ ಕರ್ನಾಟಕ ಸರ್ಕಾರ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದ ಮೇಲಂತೂ, ಕಂಡದ್ದನ್ನು ಕಂಡ ಹೊತ್ತಿನೊಡನೆ ಬರೆದಿಡುವ ಅಭ್ಯಾಸ ವಿದ್ಯಾರ್ಥಿದೆಸೆಯಲ್ಲಿಯೇ ಬೇರೂರಬೇಕು.

ಎರಡನೆಯ ಪ್ರಯೋಜನ, ಗುರುವಿನ ದೂರವನ್ನು ಕಡಿಮೆ ಮಾಡುವುದು. ವಿದ್ಯಾರ್ಥಿ ಇಂದು ವಾರ್ಡಿನಲ್ಲಿ, ನಾಳೆ ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ. ಅವನು ಮಾಡಿದ ಕೆಲಸವನ್ನು ಅಂದಂದೇ ಬರೆದು ಕಳುಹಿಸಿದರೆ ಗುರು ಅಂದೇ ತಿದ್ದಬಹುದು. 2019ರಿಂದ ನಮ್ಮ ದೇಶದ ಎಂ.ಬಿ.ಬಿ.ಎಸ್. ಪಠ್ಯಕ್ರಮ ಕೈಗೆ ಬಂದ ಸಾಮರ್ಥ್ಯವನ್ನೇ ಆಧಾರವಾಗಿಟ್ಟುಕೊಂಡು ದಿನಚರಿ ಪುಸ್ತಕಕ್ಕೆ ಮಹತ್ವ ಕೊಟ್ಟಿದೆ. ಆದರೆ ಆ ಪುಸ್ತಕವನ್ನು ತಿಂಗಳ ಕೊನೆಯಲ್ಲಿ ಒಂದೇ ರಾತ್ರಿ ತುಂಬಿಸುವ ವಿದ್ಯೆಯನ್ನೂ ಹುಡುಗರು ಬಲ್ಲರು! ಇಂಗ್ಲೆಂಡಿನಲ್ಲಿ 2005ರಿಂದ 2010ರವರೆಗೆ ಐದು ವಿಶ್ವವಿದ್ಯಾನಿಲಯಗಳು ಕೂಡಿ, ವೈದ್ಯ, ಶುಶ್ರೂಷೆ ಮೊದಲಾದ ವಿಭಾಗಗಳ ವಿದ್ಯಾರ್ಥಿಗಳಿಗೆ ಇಂಥ ಉಪಕರಣಗಳನ್ನು ಕೊಟ್ಟು ಈ ಪ್ರಯೋಗವನ್ನು ನಡೆಸಿದವು. ರೋಗಿಯ ಅಭಿಪ್ರಾಯವೂ ವಿದ್ಯಾರ್ಥಿಯ ಮೌಲ್ಯಮಾಪನಕ್ಕೆ ಸೇರಬೇಕೆಂಬುದು ಆ ಪ್ರಯೋಗದ ಒಂದು ಅಂಶ. ನನಗೆ ಮೆಚ್ಚುಗೆಯಾದದ್ದು ಅದೇ.

ಏಕೆಂದರೆ ಬುಟ್ಟಿ ತೆಗೆದ ಮಾತ್ರಕ್ಕೆ ಕಷ್ಟ ತೀರಲಿಲ್ಲ. ಕೆಲವು ವಾರಗಳ ಬಳಿಕ ಒಬ್ಬ ಅಜ್ಜಿ, ತನ್ನ ಕಷ್ಟವನ್ನು ಹೇಳುತ್ತಿದ್ದವರು, ಹಠಾತ್ತನೆ ಮೌನವಾದರು. ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಆಮೇಲೆ ದಾದಿಯೊಡನೆ ಹೇಳಿದರಂತೆ: "ನಾನು ನೋವು ಹೇಳುತ್ತಿದ್ದರೆ ಆ ಹುಡುಗ ಫೋನು ನೋಡುತ್ತಾನೆ. ಯಾರಿಗೆ ಹೇಳಲಿ?" ಪಾಪ, ಆ ಹುಡುಗ ನೋಡುತ್ತಿದ್ದುದು ಅಜ್ಜಿ ಹೆಸರಿಸಿದ ಮಾತ್ರೆಯ ವಿವರವನ್ನೇ. ಆದರೆ ಅದು ಅವರಿಗೆ ಹೇಗೆ ಗೊತ್ತಾಗಬೇಕು? ಪರದೆ ಅವನ ಕಡೆಗಿತ್ತು, ಬೆನ್ನು ಅವರ ಕಡೆಗಿತ್ತು. ಕೊಡಗಿನಲ್ಲಂತೂ ಕೊಡವ ತಕ್ಕು, ಅರೆಭಾಷೆ, ತುಳು, ಮಲೆಯಾಳ, ಯರವರ ನುಡಿ ಎಂದು ಮನೆಮಾತುಗಳು ಹಲವು. ಬೇರೆ ನುಡಿಯ ರೋಗಿ ಮೊದಲೇ ಸಂಕೋಚದಿಂದ ಮಾತಾಡುತ್ತಿರುತ್ತಾರೆ. ಅಲ್ಲಿ ಕಣ್ಣು ತಪ್ಪಿದರೆ ಮಾತೂ ತಪ್ಪಿತು.

1816ರಲ್ಲಿ ಪ್ಯಾರಿಸ್ ನಗರದ ವೈದ್ಯ ಲೆನೆಕ್, ಒಬ್ಬ ತರುಣಿಯ ಎದೆಗೆ ಕಿವಿಯಿಟ್ಟು ಕೇಳಲು ಸಂಕೋಚಪಟ್ಟು, ಕಾಗದವನ್ನು ಕೊಳವೆಯಂತೆ ಸುತ್ತಿ ಅದರ ಮೂಲಕ ಕೇಳಿದನು. ಸ್ಟೆತಾಸ್ಕೋಪು ಹುಟ್ಟಿದ್ದು ಹೀಗೆ. ಅದೂ ವೈದ್ಯನಿಗೂ ರೋಗಿಗೂ ನಡುವೆ ಬಂದ ಉಪಕರಣವೇ. ಆದರೆ ಅದರ ಒಂದು ತುದಿ ರೋಗಿಯ ಎದೆಯ ಮೇಲಿರುತ್ತದೆ. ವೈದ್ಯ ತನ್ನನ್ನೇ ಆಲಿಸುತ್ತಿದ್ದಾನೆಂದು ರೋಗಿಗೆ ತಿಳಿಯುತ್ತದೆ. ಮೊಬೈಲಿಗೆ ಅಂಥ ತುದಿಯಿಲ್ಲ. ಆ ತುದಿಯನ್ನು ವಿದ್ಯಾರ್ಥಿ ತನ್ನ ಮಾತಿನಿಂದ ಒದಗಿಸಬೇಕು.

ಆದುದರಿಂದ ನನ್ನ ವಿದ್ಯಾರ್ಥಿಗಳಿಗೆ ಕೆಲವು ನಿಯಮಗಳನ್ನು ಹಾಕಿದೆ. ರೋಗಿಯ ಮಾತು ಮುಗಿಯುವವರೆಗೆ ಮೊಬೈಲು ಜೇಬಿನಲ್ಲಿರಲಿ. ತೆಗೆಯುವಾಗ, "ನಿಮ್ಮ ಮಾತ್ರೆಯ ವಿಷಯ ನೋಡುತ್ತೇನೆ" ಎಂದು ಬಾಯಿಬಿಟ್ಟು ಹೇಳಿ ತೆಗೆಯಿರಿ. ಒಪ್ಪಿಗೆಯಿಲ್ಲದೆ ರೋಗಿಯ ಗಾಯದ ಚಿತ್ರವನ್ನೂ ತೆಗೆಯಬೇಡಿ. ಒಪ್ಪಿದರೂ ಅದು ನಿಮ್ಮ ಸ್ವಂತ ಮೊಬೈಲಿನಲ್ಲಿ ಉಳಿಯಬಾರದು, ಗೆಳೆಯರ ಬಳಗಕ್ಕೆ ಹೋಗಬಾರದು. ಕೊನೆಯದಾಗಿ, ಅಗತ್ಯವಾದ ಕೈಪಿಡಿಗಳನ್ನು ಮೊದಲೇ ಇಳಿಸಿಟ್ಟುಕೊಳ್ಳಿ. 2018ರ ಆಗಸ್ಟಿನಲ್ಲಿ ಮಡಿಕೇರಿಯ ಸುತ್ತಣ ಬೆಟ್ಟಗಳು ಕುಸಿದಾಗ ರಸ್ತೆಗಳು ಕಡಿದುಹೋದುದನ್ನು ಮರೆಯಲಾದೀತೆ? ನಮ್ಮ ಮಳೆ ಯಾವ ಗೋಪುರವನ್ನೂ ಲೆಕ್ಕಿಸದು. ಸಂಕೇತವಿಲ್ಲದ ರಾತ್ರಿಯಲ್ಲಿಯೂ ಉಪಯೋಗಕ್ಕೆ ಬರುವುದೇ ನಿಜವಾದ ನೆರವು.

ಈ ಮಾತುಗಳನ್ನು ಆಲಿಸುತ್ತಿರುವವರಲ್ಲಿ ನಾಳೆ ಆಸ್ಪತ್ರೆಗೆ ಹೋಗುವವರೂ ಇದ್ದೀರಿ. ನಿಮ್ಮ ಮಂಚದ ಬಳಿ ನಿಂತ ವಿದ್ಯಾರ್ಥಿ ಮೊಬೈಲು ಹೊರತೆಗೆದರೆ ಮುನಿಯಬೇಡಿ, ಸುಮ್ಮನಾಗಲೂ ಬೇಡಿ. "ಏನು ನೋಡುತ್ತಿದ್ದೀಯಪ್ಪ?" ಎಂದು ಕೇಳಿ. ಉತ್ತರ ಹೇಳುವುದು ಅವನ ಕರ್ತವ್ಯ. ಆ ಉತ್ತರವನ್ನು ನಿಮಗೆ ಅರ್ಥವಾಗುವಂತೆ ಹೇಳಲು ಕಲಿತನಾದರೆ, ಅವನು ವೈದ್ಯವಿದ್ಯೆಯ ಎರಡನೆಯ ಅರ್ಧವನ್ನು ಕಲಿಯತೊಡಗಿದನೆಂದೇ ತಿಳಿಯಬಹುದು.