ಅಪ್ಪನ ಬಂದೂಕು ಬಾಡಿಗೆ ಮನೆಗೆ ಬರುವಾಗ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆಯ ಅಡಿಕೆ ತೋಟದ ಮನೆಗಳಲ್ಲಿ, ಜಗಳೂರು ಸೀಮೆಯ ಮೆಕ್ಕೆಜೋಳದ ಹೊಲಗಳ ಒಡೆಯರ ಮನೆಗಳಲ್ಲಿ ಹಿರಿಯರ ಕಾಲದ ಒಂದು ಬಂದೂಕು ಇರುವುದುಂಟು. ಹಂದಿ ಹೆದರಿಸಲಿಕ್ಕೆ, ಕಳ್ಳಕಾಕರ ಭಯಕ್ಕೆ ಅಂತ ಅಜ್ಜನೋ ಅಪ್ಪನೋ ಲೈಸೆನ್ಸ್ ಮಾಡಿಸಿಕೊಂಡಿದ್ದು. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಒರೆಸಿ ಕುಂಕುಮ ಇಟ್ಟು, ಮತ್ತೆ ಗೋಡೆಗೆ ತೂಗುಹಾಕಿದರೆ ಮುಗಿಯಿತು. ಮನೆಯ ಹೆಂಗಸರು ಅದರ ತಂಟೆಗೇ ಹೋಗುವುದಿಲ್ಲ.

ಆದರೆ ಸೋದರಿಯರೇ, ಈಗ ಕಾಲ ಹಾಗಿಲ್ಲ. ಮಕ್ಕಳೆಲ್ಲ ದಾವಣಗೆರೆ, ಶಿವಮೊಗ್ಗ, ಬೆಂಗಳೂರು ಅಂತ ಬಾಡಿಗೆ ಮನೆ ಹಿಡಿದಿದ್ದಾರೆ. ಊರಿನಲ್ಲಿ ಅಪ್ಪ ತೀರಿಕೊಂಡರೆ ಜಮೀನು, ಒಡವೆ, ಪಾತ್ರೆಪಗಡಗಳ ಮಾತು ಬರುತ್ತದೆ. ಬಂದೂಕಿನ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ. ಒಬ್ಬಂಟಿಯಾದ ತಾಯಿ ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿಬಿಡುತ್ತಾರೆ. ನಾನು ಈ ಲೇಖನ ಬರೆಯುತ್ತಿರುವುದು ಆ ಅಟ್ಟದ ಮೇಲಿನ ಗಂಟಿನ ಸಲುವಾಗಿಯೇ.

ಲೈಸೆನ್ಸ್ ಎನ್ನುವುದು ಮನೆತನಕ್ಕೆ ಕೊಟ್ಟದ್ದಲ್ಲ, ಒಬ್ಬ ವ್ಯಕ್ತಿಗೆ ಕೊಟ್ಟದ್ದು. ಆ ವ್ಯಕ್ತಿ ಹೋದ ಮೇಲೆ ಅದೇ ಬಂದೂಕು, ಅದೇ ಮನೆ, ಅದೇ ಗೂಟ. ಆದರೆ ಇಟ್ಟುಕೊಳ್ಳುವ ಹಕ್ಕು ಮನೆಯಲ್ಲಿ ಯಾರಿಗೂ ಇಲ್ಲ. 1959ರ ಆಯುಧ ಕಾಯಿದೆಗೆ 2019ರಲ್ಲಿ ತಿದ್ದುಪಡಿಯಾದ ಮೇಲೆ, ಲೈಸೆನ್ಸಿಲ್ಲದೆ ಬಂದೂಕು ಇಟ್ಟುಕೊಂಡರೆ 2 ವರ್ಷಕ್ಕೆ ಕಡಿಮೆಯಿಲ್ಲದಂತೆ 5 ವರ್ಷದವರೆಗೆ ಸಜೆ, ಜೊತೆಗೆ ಜುಲ್ಮಾನೆ. "ನಮಗೇನು ಗೊತ್ತು, ಯಜಮಾನರದ್ದು" ಅಂದರೆ ಕಾನೂನು ಕೇಳುತ್ತದೆಯೇ?

ಹೆದರಬೇಡಿ, ದಾರಿಯನ್ನೂ ಅದೇ ಕಾಯಿದೆ ಹೇಳಿದೆ. ಇಟ್ಟುಕೊಳ್ಳುವ ಹಕ್ಕು ಯಾವ ಕಾರಣಕ್ಕೆ ತಪ್ಪಿದರೂ ಸರಿ, ತಡಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ಬಂದೂಕು ವ್ಯಾಪಾರಿಯ ಹತ್ತಿರ ಜಮಾ ಮಾಡಬೇಕು. ಜಮಾ ಮಾಡಿದರೆ ಕೈಬಿಟ್ಟು ಹೋಯಿತು ಅಂತಲ್ಲ. ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಮಾಡಿಸಿಕೊಂಡು ವಾಪಸು ಪಡೆಯಬಹುದು. ಬೇಡವೆಂದರೆ ಲೈಸೆನ್ಸ್ ಇರುವ ಇನ್ನೊಬ್ಬರಿಗೆ ಮಾರಲೂಬಹುದು. ಗೊತ್ತಾದ ಅವಧಿಯೊಳಗೆ ಯಾರೂ ಕೇಳದಿದ್ದರೆ ಮಾತ್ರ ಸರ್ಕಾರಕ್ಕೆ ಮುಟ್ಟುಗೋಲಾಗುತ್ತದೆ. ಆದ್ದರಿಂದ ಬಂದೂಕಿನ ನಂಬರು, ತೋಟೆಗಳ ಲೆಕ್ಕ ಬರೆಸಿ ರಸೀದಿ ತೆಗೆದುಕೊಳ್ಳುವುದನ್ನು ಮರೆಯಬೇಡಿ. ಆ ಚೀಟಿಯನ್ನು ಒಡವೆಯಷ್ಟೇ ಜೋಪಾನ ಮಾಡಿ.

ಇಲ್ಲಿ ಒಂದು ಎಚ್ಚರಿಕೆ. ಬಂದೂಕಿನಲ್ಲಿ ತೋಟೆ ಇದೆಯೋ ಇಲ್ಲವೋ ಅಂತ ನೀವೇ ಮುರಿದು ನೋಡಲು ಹೋಗಬೇಡಿ. ಹಳೆಯ ಕೇಪಿನ ಕೋವಿಗಳಲ್ಲಿ ಯಾವ ಕಾಲದಲ್ಲೋ ತುಂಬಿದ ಮದ್ದು ಹಾಗೆಯೇ ಉಳಿದಿರುವುದುಂಟು. ಮೊದಲು ಠಾಣೆಗೆ ಫೋನು ಮಾಡಿ ವಿಷಯ ತಿಳಿಸಿ, ತಿಳಿದವರು ಬಂದು ನೋಡಲಿ. ಅಲ್ಲಿಯವರೆಗೆ ಆ ಕೋಣೆಗೆ ಬೀಗ ಹಾಕಿ ಮಕ್ಕಳನ್ನು ದೂರ ಇಡಿ. ತಿಥಿಗೆ ಬಂದ ಹುಡುಗರು ಕುತೂಹಲಕ್ಕೆ ಕೈಹಾಕುವುದು ಇಂಥ ಹೊತ್ತಿನಲ್ಲೇ.

ನಮ್ಮ ದೊಡ್ಡಪ್ಪನ ಮಗಳೊಬ್ಬಳು ದಾವಣಗೆರೆಯಲ್ಲಿ ಬಾಡಿಗೆ ಫ್ಲ್ಯಾಟಿನಲ್ಲಿದ್ದಾಳೆ. ದೊಡ್ಡಪ್ಪ ಹೋದ ಮೇಲೆ ಚನ್ನಗಿರಿ ತೋಟದ ಮನೆಯ ಜೋಡಿನಳಿಗೆ ಬಂದೂಕನ್ನು ಹೀಗೆಯೇ ಜಮಾ ಮಾಡಿದರು. ತಮ್ಮಂದಿರು ಬೆಂಗಳೂರಿನವರು, "ನಮಗೆ ಬೇಡ, ಮಾರಿಬಿಡೋಣ" ಅಂದರು. ಇವಳು "ಅಪ್ಪಾಜಿ ದಿನಾ ಒರೆಸಿ ಇಟ್ಟಿದ್ದು, ನಾನು ಇಟ್ಕೊಳ್ತೀನಿ" ಅಂತ ಪಟ್ಟು ಹಿಡಿದಳು. ಎಲ್ಲರೂ ನಕ್ಕರು. "ಹೆಣ್ಣುಮಕ್ಕಳಿಗೆ ಬಂದೂಕು ಯಾತಕ್ಕಮ್ಮಾ? ಸೌಟು ಹಿಡಿಯೋ ಕೈಗೆ?" ಅಂತ ಚಿಕ್ಕಪ್ಪ ಕೇಳಿದರು. ಕಾನೂನಿನಲ್ಲಿ ಅಂಥ ಪ್ರಶ್ನೆಯೇ ಇಲ್ಲ. ಹೆಂಡತಿಯೂ ವಾರಸುದಾರಳೇ, ಮಗಳೂ ವಾರಸುದಾರಳೇ. ಮದುವೆಯಾಗಿ ಹೋದವಳು ಎಂಬ ಮಾತು ಇಲ್ಲಿಗೆ ಸಲ್ಲುವುದಿಲ್ಲ. ಉಳಿದ ವಾರಸುದಾರರು ತಮ್ಮ ಆಕ್ಷೇಪಣೆ ಇಲ್ಲವೆಂದು ಬರೆದುಕೊಟ್ಟರೆ ಕೆಲಸ ಸಲೀಸು. ತಮ್ಮಂದಿರು ಕೊನೆಗೆ ಬರೆದುಕೊಟ್ಟರು ಅನ್ನಿ.

ಅರ್ಜಿ ಹೋಗುವುದು ಜಿಲ್ಲಾಧಿಕಾರಿಗಳಿಗೆ. 2016ರ ಆಯುಧ ನಿಯಮಗಳ ಪ್ರಕಾರ ಫೋಟೋ, ವಯಸ್ಸಿನ ದಾಖಲೆ, ವಾಸದ ದಾಖಲೆ, ದೇಹ ಮತ್ತು ಮನಸ್ಸು ಎರಡೂ ನೆಟ್ಟಗಿವೆ, ಅಮಲು ಪದಾರ್ಥಗಳ ಚಟವಿಲ್ಲ ಎಂಬ ವೈದ್ಯರ ಸರ್ಟಿಫಿಕೇಟು, ಸುರಕ್ಷಿತವಾಗಿ ಇಡುತ್ತೇನೆಂಬ ಮುಚ್ಚಳಿಕೆ ಇಷ್ಟೂ ಬೇಕು. ವಾರಸುದಾರರಾದರೆ ಮರಣಪತ್ರವೂ ಹಳೆಯ ಲೈಸೆನ್ಸೂ ಇರಬೇಕು. ವಯಸ್ಸು 21 ತುಂಬಿರಬೇಕು. ಪೊಲೀಸರು ಬಂದು ವಿಚಾರಣೆ ಮಾಡಿ ವರದಿ ಕೊಡುತ್ತಾರೆ. ಬಂದೂಕು ಹಿಡಿಯುವ ಸುರಕ್ಷತಾ ತರಬೇತಿಯನ್ನೂ ನಿಯಮ ಕೇಳುತ್ತದೆ. ಜಿಲ್ಲಾ ಪೊಲೀಸರು ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುವುದುಂಟು, ಅಲ್ಲಿಗೆ ಹೆಂಗಸರೂ ಹೋಗುತ್ತಾರೆ. ನಮ್ಮವಳಂತೂ ಅಲ್ಲಿಂದ ಬಂದ ಮೇಲೆ ಚಿಕ್ಕಪ್ಪನ ಎದುರು ಸ್ವಲ್ಪ ಎದೆಯೆತ್ತಿ ನಡೆಯುತ್ತಾಳೆ!

ಹಳೆಯ ಲೈಸೆನ್ಸ್ ಪುಸ್ತಕದಲ್ಲಿ ಬೇರೆ ಜಿಲ್ಲೆಯ ಮುದ್ರೆ ಕಂಡರೆ ಗಾಬರಿ ಬೇಡ. ದಾವಣಗೆರೆ ಜಿಲ್ಲೆಯಾದದ್ದೇ 1997ರಲ್ಲಿ. ಅದಕ್ಕೆ ಮುಂಚೆ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ ಸೇರಿದ್ದವು, ಜಗಳೂರು ಚಿತ್ರದುರ್ಗಕ್ಕೆ. ನ್ಯಾಮತಿ ಹೊನ್ನಾಳಿ ತಾಲ್ಲೂಕಿನ ಒಳಗೇ ಇತ್ತು. ಅಜ್ಜನ ಕಾಲದ ಕಾಗದವಾದರೆ ಬುಡ ಎಲ್ಲಿತ್ತು ಅಂತ ಹುಡುಕುವಾಗ ಇದು ನೆನಪಿರಲಿ. ಹಾಗೆಯೇ ಅದು ಯಾವ ಬಗೆಯ ಬಂದೂಕು ಎಂಬುದನ್ನೂ ಕಾಗದದಲ್ಲೇ ನೋಡಿಕೊಳ್ಳಿ. ಸಾಧಾರಣ ಜೋಡಿನಳಿಗೆಯಾದರೆ ಜಿಲ್ಲಾಧಿಕಾರಿಗಳ ಹಂತದಲ್ಲೇ ತೀರ್ಮಾನವಾಗುತ್ತದೆ. ತ್ರೀ ನಾಟ್ ತ್ರೀ ಥರದ ಸೈನ್ಯದ ಅಳತೆಯ ರೈಫಲ್ ಆಗಿದ್ದರೆ ಅದು ನಿಷೇಧಿತ ವರ್ಗ. ಅಂಥದ್ದರ ಲೈಸೆನ್ಸ್ ಕೇಂದ್ರ ಗೃಹ ಇಲಾಖೆಯ ಕೈಯಲ್ಲಿದೆ, ಶಿಕ್ಷೆಯೂ ಹೆಚ್ಚು. ಇನ್ನು ಒಬ್ಬರ ಹೆಸರಿನಲ್ಲಿ ಎರಡಕ್ಕಿಂತ ಹೆಚ್ಚು ಬಂದೂಕು ಇರುವಂತಿಲ್ಲ, ಪಿತ್ರಾರ್ಜಿತವಾದರೂ ಅಷ್ಟೇ.

"ಕೊಡಗಿನವರಿಗೆ ಲೈಸೆನ್ಸೇ ಬೇಡವಂತಲ್ಲ?" ಅಂತ ಕೇಳುವವರಿದ್ದಾರೆ. ನಿಜ. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಅದು ಅವರಿಗೆ ಸಂದದ್ದು. ನಮ್ಮ ಸೀಮೆಯವರು ಆ ಮಾತು ಹೇಳಿ ತಪ್ಪಿಸಿಕೊಳ್ಳುವಂತಿಲ್ಲ.

ಈಗ ಬಾಡಿಗೆ ಮನೆಯ ವಿಚಾರಕ್ಕೆ ಬರೋಣ. ಸ್ವಂತ ಮನೆ ಇಲ್ಲದವರಿಗೆ ಲೈಸೆನ್ಸ್ ಸಿಗುವುದಿಲ್ಲ ಎಂಬುದು ಬರೀ ಸುಳ್ಳು. ವಾಸದ ದಾಖಲೆಯಾಗಿ ಬಾಡಿಗೆ ಕರಾರುಪತ್ರವನ್ನೂ ನಿಯಮ ಒಪ್ಪುತ್ತದೆ. ಹನ್ನೊಂದು ತಿಂಗಳಾದ ಮೇಲೆ ಬಾಯಿಮಾತಿನಲ್ಲೇ ಮುಂದುವರಿಸುವ ನಮ್ಮ ಅಭ್ಯಾಸ ಇಲ್ಲಿ ನಡೆಯದು, ಕರಾರು ಚಾಲ್ತಿಯಲ್ಲಿರಲಿ. ಬಾಡಿಗೆದಾರರ ದೊಡ್ಡ ತಾಪತ್ರಯ ಮನೆ ಬದಲಾಯಿಸುವುದು. ಗ್ಯಾಸಿನವರಿಗೆ, ಮಕ್ಕಳ ಶಾಲೆಗೆ ವಿಳಾಸ ತಿಳಿಸಿದಂತೆ ಬಂದೂಕಿನದ್ದೂ ತಿಳಿಸಬೇಕು. ಲೈಸೆನ್ಸಿನಲ್ಲಿರುವ ಜಾಗ ಬಿಟ್ಟು ಬೇರೆ ಕಡೆ ವಾಸಕ್ಕೆ ಹೋದರೆ 30 ದಿನದೊಳಗೆ ಲೈಸೆನ್ಸ್ ಅಧಿಕಾರಿಗಳಿಗೆ ಬರೆದು ತಿಳಿಸಿ, ಸ್ವೀಕೃತಿ ಇಟ್ಟುಕೊಳ್ಳಿ. ಮನೆ ಸಾಗಿಸುವ ದಿನ ಲಾರಿಯಲ್ಲಿ ಹಾಸಿಗೆ ಸುರುಳಿಯ ಜೊತೆ ಕಟ್ಟಿ ಕಳಿಸಬೇಡಿ. ತೋಟೆ ತೆಗೆದು, ಚೀಲದಲ್ಲಿಟ್ಟು, ಲೈಸೆನ್ಸ್ ಇರುವವರೇ ಕಾಗದ ಸಮೇತ ಒಯ್ಯಬೇಕು.

ಮನೆ ಮಾಲೀಕರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಮೆಟ್ಟಿಲ ಮೇಲೆ ವಿಚಾರಣೆಗೆ ಬಂದ ಪೊಲೀಸರನ್ನು ಕಂಡು ಅವರು ದಿಗಿಲು ಬೀಳುವುದು ತಪ್ಪುತ್ತದೆ. ಆದರೆ ಅಕ್ಕಪಕ್ಕದವರಿಗೆ, ಕೆಲಸದವರಿಗೆ, ಮಕ್ಕಳ ಸ್ನೇಹಿತರಿಗೆ ಸಾರುವ ಅಗತ್ಯವಿಲ್ಲ. ಫ್ಲ್ಯಾಟಿನ ತೆಳ್ಳನೆಯ ಬಾಗಿಲಿನ ಹಿಂದೆ ಬಂದೂಕು ಇದೆ ಎಂಬ ಸುದ್ದಿಯೇ ಕಳ್ಳನಿಗೆ ಆಮಂತ್ರಣ.

ಇಡುವ ಜಾಗ? ಗೋಡೆಯ ಗೂಟ ಬೇಡ, ಮಂಚದ ಕೆಳಗೆ ಬೇಡ, ಅಟ್ಟವಂತೂ ಬೇಡವೇ ಬೇಡ. ಗೋಡೆಗೆ ಬಿಗಿದ ಉಕ್ಕಿನ ಬೀರುವಿನಲ್ಲಿ, ತೋಟೆ ತೆಗೆದ ಬಂದೂಕು ಬೀಗದೊಳಗೆ. ತೋಟೆಗಳು ಬೇರೆ ಪೆಟ್ಟಿಗೆಯಲ್ಲಿ, ಬೇರೆ ಬೀಗ. ಬೀಗದ ಕೈ ದೇವರ ಮನೆಯ ಗೂಡಿನಲ್ಲಿ ಇಡುವ ರೂಢಿ ನಮ್ಮಲ್ಲಿದೆ. ಮಕ್ಕಳಿಗೆ ಮೊದಲು ಗೊತ್ತಿರುವ ಜಾಗವೇ ಅದು. ಮನೆಯಲ್ಲಿ ಕುಡಿತ, ಸಿಟ್ಟು, ಜಗಳ ಇದ್ದರೆ, ಅಥವಾ ಯಾರಾದರೂ ಮನಸ್ಸು ಕುಗ್ಗಿ ಮೂಲೆ ಹಿಡಿದಿದ್ದರೆ, ಲೈಸೆನ್ಸ್ ಎಷ್ಟೇ ಚಾಲ್ತಿಯಲ್ಲಿರಲಿ, ಬಂದೂಕನ್ನು ಆ ಮನೆಗೆ ತರಲೇಬೇಡಿ. ಈ ಮಾತು ಯಾವ ಅರ್ಜಿ ನಮೂನೆಯಲ್ಲೂ ಮನೆಯ ಹೆಂಗಸನ್ನು ಕೇಳುವುದಿಲ್ಲ, ಆದರೆ ಉತ್ತರ ಗೊತ್ತಿರುವುದು ಅವಳಿಗೇ. ವ್ಯಾಪಾರಿಯ ಹತ್ತಿರ ಬಾಡಿಗೆ ಕೊಟ್ಟು ಇಡಬಹುದು. ತಿಂಗಳುಗಟ್ಟಲೆ ಊರಿಗೆ ಹೋಗುವವರೂ ಹಾಗೆ ಮಾಡುವುದು ಲೇಸು.

ಮದುವೆ ಮೆರವಣಿಗೆಯಲ್ಲಿ ಗಾಳಿಯಲ್ಲಿ ಹಾರಿಸುವ ಚಪಲಕ್ಕೆ 2 ವರ್ಷದವರೆಗೆ ಸಜೆ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಎರಡೂ ಬೀಳಬಹುದು. ತೋಟಕ್ಕೆ ಬಂದ ಹಂದಿಯನ್ನು ಹೊಡೆಯಲು ಬಂದೂಕಿನ ಲೈಸೆನ್ಸ್ ಸಾಲದು, 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಅರಣ್ಯ ಇಲಾಖೆಯ ಅನುಮತಿ ಬೇರೆ ಬೇಕು. ಚುನಾವಣೆ ಬಂದಾಗ ಜಮಾ ಮಾಡಿರೆಂದು ಆದೇಶ ಬಂದರೆ ಕೊಟ್ಟು ರಸೀದಿ ಪಡೆಯಿರಿ.

ಅಪ್ಪ, ಮಾವನವರು ಇನ್ನೂ ಗಟ್ಟಿಮುಟ್ಟಾಗಿದ್ದಾರೆಯೇ? ಹಾಗಾದರೆ ಕೆಲಸ ಇನ್ನೂ ಸುಲಭ. ಲೈಸೆನ್ಸ್ ಇರುವವರಿಗೆ 70 ವರ್ಷ ತುಂಬಿದರೆ, ಅಥವಾ ಬಂದೂಕು ಅವರ ಹತ್ತಿರ 25 ವರ್ಷ ಇದ್ದರೆ, ಅವರು ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಲೈಸೆನ್ಸ್ ಕೇಳಲು ನಿಯಮದಲ್ಲಿ ಅವಕಾಶವಿದೆ. ಈ ಹಬ್ಬಕ್ಕೆ ಊರಿಗೆ ಹೋದಾಗ ಹೋಳಿಗೆ ಊಟ ಮುಗಿಸಿ, ಎಲೆಅಡಿಕೆ ಹಾಕಿಕೊಳ್ಳುವ ಹೊತ್ತಿನಲ್ಲಿ, "ಅಪ್ಪಾಜಿ, ಬಂದೂಕಿನ ಲೈಸೆನ್ಸ್ ಎಲ್ಲಿಟ್ಟಿದ್ದೀರಿ?" ಅಂತ ಮೆಲ್ಲಗೆ ಕೇಳಿ ನೋಡಿ. 5 ವರ್ಷಕ್ಕೊಮ್ಮೆ ಆಗಬೇಕಾದ ನವೀಕರಣ ಆಗಿದೆಯೋ ಇಲ್ಲವೋ, ಅದನ್ನೂ ತೆರೆದು ನೋಡಿಕೊಂಡು ಬನ್ನಿ.